ವಿಚಾರಣೆಯ ಗುಂಡಿ

‘ಸಿಗಲ್ಲ’ ಎಂದು ಹೇಳಿ ಮೆಟ್ಟಿಲು ಹತ್ತತೊಡಗಿದ ಮೇಲೆ, ತಾನು ಯೋಚಿಸದೆ ಹೇಳಿಬಿಟ್ಟೆ ಎಂದು ಅವನಿಗೆ ಹೊಳೆಯಿತು. ಕೇಳಿದವನು ಹೊಲಿಗೆ ವಿಭಾಗಕ್ಕೆ ಹೊಸದಾಗಿ ಸೇರಿದವನು. ಕೊರಳಲ್ಲಿ ಸದಾ ಅಳತೆ ಟೇಪು ಹಾಕಿಕೊಂಡು ಓಡಾಡುವುದರಿಂದ ಎಲ್ಲರ ಬಾಯಲ್ಲೂ ಅವನ ಹೆಸರು ಟೇಪು. ಗೇಟಿನ ಪಕ್ಕದಲ್ಲಿ ಕಾದು ನಿಂತಿದ್ದ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದೆ, ಮಧ್ಯಾಹ್ನ ಆಪರೇಷನ್ ಮಾಡಿ ಮಗು ತೆಗೆಯುತ್ತಾರಂತೆ, ಗಂಡಂದಿರಿಗೂ ಹೆರಿಗೆ ರಜೆ ಅಂತ ಒಂದಿದೆಯಂತಲ್ಲ ಸಾರ್, ನನಗೆ ಸಿಗುತ್ತಾ ಎಂದು ಕೇಳಿದ. ಇದ್ದಬದ್ದ ರಜೆಯನ್ನೆಲ್ಲ ಡಾಕ್ಟರ ಹತ್ತಿರ ಓಡಾಡುವುದರಲ್ಲೇ ಮುಗಿಸಿಕೊಂಡಿದ್ದ ಪ್ರಾಣಿ. ಹೇಳದೆ ಕೇಳದೆ ಹೋದರೆ ಮರುದಿನವೇ ನೋಟಿಸು ಕೈಗೆ ಬರುತ್ತಿತ್ತು. ಉತ್ತರ ಹೇಳುವಾಗ ಅವನು ನಡಿಗೆಯನ್ನು ಕೂಡ ನಿಧಾನ ಮಾಡಲಿಲ್ಲ. ‘ಸೇರಿ ವರ್ಷ ಆಗಿರ್ಬೇಕಪ್ಪ, ನಿಂಗೆ ಸಿಗಲ್ಲ,’ ಎಂದ. ಟೇಪು ತಲೆಯಾಡಿಸಿದ, ಸಾಲದ್ದಕ್ಕೆ ಥ್ಯಾಂಕ್ಸ್ ಬೇರೆ ಹೇಳಿದ. ಆ ಥ್ಯಾಂಕ್ಸು ಚಪ್ಪಲಿಯ ಅಡಿಗೆ ಅಂಟಿದ ಗೋಂದಿನ ಹಾಗೆ ಅವನ ಜೊತೆ ಒಂದೊಂದೇ ಮೆಟ್ಟಿಲು ಹತ್ತಿ ಬಂತು. ವರ್ಷ ಆಗಿರಬೇಕು ಎನ್ನುವುದು ನಿಯಮವೇನೋ ಹೌದು, ಆದರೆ ಈಚೆಗೆ ಅದರ ಬಗ್ಗೆ ಯಾವುದೋ ಸುತ್ತೋಲೆ ಬಂದಿತ್ತಲ್ಲವೇ? ಆಮೇಲೆ ಓದೋಣ ಎಂದು ಬಿಟ್ಟಿದ್ದ. ಆ ಆಮೇಲೆ ಬರಲೇ ಇಲ್ಲ. ಗೊತ್ತಿಲ್ಲ, ನೋಡಿ ಹೇಳ್ತೀನಿ ಎಂದಿದ್ದರೆ ಯಾರ ಅಪ್ಪನ ಗಂಟು ಹೋಗುತ್ತಿತ್ತು? ತಿರುಗಿ ಹೋಗಿ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಮೇಲಿನ ಮೆಟ್ಟಿಲಿನಿಂದ ಮ್ಯಾನೇಜರು, ಬನ್ನಿ ಬನ್ನಿ, ನಿಮಗೇ ಕಾಯ್ತಿದೀವಿ ಎಂದು ಕೈಬೀಸಿ ಕರೆದಳು. ತನಗಾಗಿ ಕಾಯುತ್ತಿದ್ದಾರೆ ಎಂಬ ಮಾತು ಅವನಿಗೆ ಎಂಥ ಹೊತ್ತಿನಲ್ಲೂ ಹಿತವಾಗಿ ಕೇಳುತ್ತಿತ್ತು. ಹೋಗಿಬಿಟ್ಟ.

ಫೋಮು ಹಾಸಿಗೆ ತಯಾರಿಸುವ ಆ ಕಂಪನಿಯಲ್ಲಿ ಅವನ ಮೇಜು ಇದ್ದದ್ದು ಆಡಳಿತ ವಿಭಾಗದ ಬಾಗಿಲಿಗೇ, ಮೆಟ್ಟಿಲು ಹತ್ತಿ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ. ಹಾಗಾಗಿ ಮೊದಮೊದಲು ದಾರಿ ಕೇಳುತ್ತಿದ್ದರು. ಆಮೇಲೆ ರಜೆ, ಸಮವಸ್ತ್ರ, ಕ್ಯಾಂಟೀನಿನ ಕೂಪನ್ನು, ಕಳೆದುಹೋದ ಗುರುತಿನ ಚೀಟಿ, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ, ಕೊನೆಗೆ ಮಗಳನ್ನು ಯಾವ ಕಾಲೇಜಿಗೆ ಸೇರಿಸಲಿ ಎಂಬುದರವರೆಗೆ ಎಲ್ಲವೂ ಅವನ ಮೇಜಿನ ಮುಂದೆ ಬಂದು ನಿಂತವು. ಯಾರನ್ನೂ ಅವನು ಬರಿಗೈಯಲ್ಲಿ ಕಳಿಸಿದವನಲ್ಲ. ಬೆನ್ನ ಹಿಂದೆ ತನ್ನನ್ನು ‘ವಿಚಾರಣೆ’ ಎಂದು ಕರೆಯುತ್ತಾರೆಂದು ಅವನಿಗೆ ಗೊತ್ತಿತ್ತು; ಗೊತ್ತಿಲ್ಲದವನ ಹಾಗೆ ಇರುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಕೆಲವರು ಧೈರ್ಯ ಮಾಡಿ ಮುಖದೆದುರೇ ವಿಚಾರಣೆ ಸಾರ್ ಎನ್ನುವುದೂ ಇತ್ತು. ಮನೆಯಲ್ಲೂ ಅದೇ ಪಾತ್ರ: ಕತ್ತರಿ ಎಲ್ಲಿ, ಗ್ಯಾಸಿನವನ ನಂಬರ್ ಎಷ್ಟು, ಹೋದ ಸಲ ಷಡ್ಡಕನ ಮನೆಗೆ ಯಾವ ದಾರಿಯಲ್ಲಿ ಹೋಗಿದ್ದೆವು. ಎಲ್ಲದಕ್ಕೂ ಅವನ ಬಳಿ ಉತ್ತರವಿತ್ತು, ನಿದ್ದೆ ಮಾತ್ರ ಇರಲಿಲ್ಲ. ಹಾಸಿಗೆಗೆ ಬಿದ್ದ ಕೂಡಲೇ ಹಗಲು ಹೇಳಿದ ಉತ್ತರಗಳೆಲ್ಲ ಒಂದೊಂದಾಗಿ ಎದ್ದು ಬಂದು, ನಾನು ಸರಿಯಾ, ನಾನು ಸರಿಯಾ ಎಂದು ಕೇಳುತ್ತಿದ್ದವು. ಹೆಂಡತಿ ಮಗ್ಗುಲು ಬದಲಿಸಿ, ‘ನಿಮ್ ಕಂಪನಿ ಹಾಸಿಗೆ ಮೇಲೆ ಊರೆಲ್ಲ ಗೊರಕೆ ಹೊಡೀತಿದೆ, ನೀವೊಬ್ರು ಗೂಬೆ ಥರ ಕೂತಿದೀರಲ್ರೀ,’ ಎನ್ನುತ್ತಿದ್ದಳು.

ಕಾರ್ಯಾಗಾರ ನಡೆಯುತ್ತಿದ್ದದ್ದು ಮಾದರಿ ಹಾಸಿಗೆಗಳನ್ನು ಇಡುವ ದೊಡ್ಡ ಕೋಣೆಯಲ್ಲಿ. ಕುರ್ಚಿಗಳು ಸಾಲದೆ ಅರ್ಧ ಜನ ಹಾಸಿಗೆಗಳ ಮೇಲೇ ಕುಳಿತಿದ್ದರು. ಪ್ಲಾಸ್ಟಿಕ್ಕಿನ ಹೊದಿಕೆ ಅಲ್ಲಾಡಿದವರ ಕೆಳಗೆಲ್ಲ ಚರಚರ ಸದ್ದು ಮಾಡುತ್ತಿತ್ತು. ಕಂಪನಿಗೆ ಇಂಟ್ರಾನೆಟ್ ಬೇಕೆಂದು ತೀರ್ಮಾನವಾಗಿತ್ತು: ಕೆಲಸದವರು ತಮಗೆ ಬೇಕಾದ್ದನ್ನೆಲ್ಲ ತಾವೇ ಕಂಪ್ಯೂಟರಿನಲ್ಲೋ ಫೋನಿನಲ್ಲೋ ನೋಡಿಕೊಳ್ಳುವಂಥ, ಹೊರಗಿನವರಿಗೆ ಕಾಣದಂಥ ಒಂದು ಜಾಲತಾಣ. ಅದನ್ನು ಮೇಲಿನವರು ಕೂತು ಮಾಡುವುದಲ್ಲ, ಬಳಸುವವರೇ ಸೇರಿ ರೂಪಿಸಬೇಕು ಎಂಬುದು ಕಾರ್ಯಾಗಾರ ನಡೆಸಲು ಹೊರಗಿನಿಂದ ಕರೆಸಿದ್ದ ಹೆಣ್ಣುಮಗಳ ಪದ್ಧತಿ. ಕ್ಯಾನ್ವಾಸು ಬೂಟು ಹಾಕಿಕೊಂಡು, ತಲೆಗೂದಲಿಗೆ ಪೆನ್ನು ಸಿಕ್ಕಿಸಿಕೊಂಡು, ಕೋಣೆಯ ತುಂಬ ನಿಶ್ಶಬ್ದವಾಗಿ ಓಡಾಡುವವಳು. ಇಂಟ್ರಾನೆಟ್ ಎಂದರೆ ಏನು ಎಂದು ಮೊದಲ ದಿನ ಕೇಳಿದಾಗ ಲಾರಿಯ ಡ್ರೈವರು ಕೈ ಎತ್ತಿ, ಹಾಸಿಗೆ ಕಂಪನಿಗೆ ನೆಟ್ಟು ಬೇಕೇ ಬೇಕಲ್ಲ ಮೇಡಂ, ಇಲ್ಲಾಂದ್ರೆ ಸೊಳ್ಳೆ ಕಡಿಯುತ್ತೆ ಎಂದಿದ್ದ. ಅವಳು ಎಲ್ಲರಿಗಿಂತ ಜೋರಾಗಿ ನಕ್ಕು, ಅವನ ಮಾತನ್ನೇ ಹಲಗೆಯ ಮೇಲೆ ಬರೆದಿದ್ದಳು. ಅದು ಇನ್ನೂ ಅಲ್ಲೇ ಇತ್ತು, ಯಾರೂ ಒರೆಸಿರಲಿಲ್ಲ. ತಾನು ಹೇಳಿದ್ದರಲ್ಲಿ ಒಂದಾದರೂ ಹಲಗೆಯ ಮೇಲಿದೆಯೇ ಎಂದು ಅವನು ಬಂದ ಕೂಡಲೇ ಹುಡುಕಿದ.

ಅವಳ ಪದ್ಧತಿ ಹೀಗೆ: ಆಫೀಸಿನಲ್ಲಿ ನೀವು ಏನೇನು ಹುಡುಕುತ್ತೀರಿ, ಅದಕ್ಕೆ ಯಾರ ಹತ್ತಿರ ಹೋಗುತ್ತೀರಿ ಎಂಬುದನ್ನು ಒಂದೊಂದು ಚೀಟಿಯಲ್ಲಿ ಒಂದೊಂದರಂತೆ ಬರೆಯಬೇಕು. ಆಮೇಲೆ ಎಲ್ಲರ ಚೀಟಿಗಳನ್ನೂ ಬೆರೆಸಿ, ಒಂದರ ಜೊತೆ ಒಂದು ಹೊಂದುವಂಥವನ್ನು ಗುಂಪು ಮಾಡಿ, ಆ ಗುಂಪಿಗೊಂದು ಹೆಸರು ಕೊಡಬೇಕು. ಆ ಹೆಸರೇ ಪರದೆಯ ಮೇಲೆ ಒತ್ತುವ ಗುಂಡಿಯಾಗುತ್ತದೆ. ಹಿಂದಿನ ದಿನ ಚೀಟಿಗಳನ್ನು ಹಾಸಿಗೆಯ ಮೇಲೆ ಹರಡಿದಾಗ ಅವನ ಎದೆ ಉಬ್ಬಿತ್ತು. ರಜೆ ಎಷ್ಟು ಉಳಿದಿದೆ: ವಿಚಾರಣೆ ಸಾರ್. ಮೊಣಕಾಲು ನೋವಿಗೆ ಡಾಕ್ಟರು ಯಾರು: ವಿಚಾರಣೆ ಸಾರ್. ಬರೆದವರ ಅಕ್ಷರ ಬೇರೆ ಬೇರೆ, ಹೋಗುವ ಜಾಗ ಮಾತ್ರ ಒಂದೇ. ಅಷ್ಟರಲ್ಲಿ ಆ ಹೆಣ್ಣುಮಗಳು ಬಗ್ಗಿ, ಅವನ ಹೆಸರಿದ್ದ ಚೀಟಿಗಳನ್ನೆಲ್ಲ ಆಯ್ದು ಬೇರೆ ಮಾಡಿ, ನಯವಾಗಿಯೇ ಹೇಳಿದ್ದಳು: ‘ಮನುಷ್ಯರನ್ನ ಗುಂಡಿ ಮಾಡೋಕಾಗಲ್ಲ. ಅವ್ರು ರಜೆ ಹಾಕ್ತಾರೆ, ಕಾಯಿಲೆ ಬೀಳ್ತಾರೆ, ಒಂದಿನ ರಿಟೈರೂ ಆಗ್ತಾರೆ.’ ಎಲ್ಲರೂ ಅವನ ಕಡೆ ನೋಡಿದರು. ಅವನು ನಕ್ಕ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ನಗು ಮುಖದ ಮೇಲೇ ಉಳಿದು, ಕನ್ನಡಿಯ ಮುಂದೆ ನಿಂತಾಗ ಅವನಿಗೇ ಅಸಹ್ಯವಾಯಿತು. ರಾತ್ರಿ ಎದ್ದು ಕೂತು ಒಂದು ಉಪಾಯ ಹೂಡಿದ್ದ. ಮನುಷ್ಯ ಗುಂಡಿಯಾಗುವುದು ಬೇಡವಾದರೆ ಬೇಡ, ಹೆಸರು ಆಗಬಹುದಲ್ಲ. ಆ ಗುಂಪಿಗೆ ‘ವಿಚಾರಣೆ’ ಎಂದೇ ಹೆಸರಿಡಲು ಸೂಚಿಸಬೇಕು. ಬಸ್‌ಸ್ಟ್ಯಾಂಡಿನಲ್ಲಿ ಇರುತ್ತದೆ, ಆಸ್ಪತ್ರೆಯಲ್ಲಿ ಇರುತ್ತದೆ, ಎಲ್ಲರಿಗೂ ಅರ್ಥವಾಗುವ ಮಾತು. ಯಾರೂ ತಪ್ಪು ಹುಡುಕುವಂತಿಲ್ಲ. ಅವನು ಹೋದ ಮೇಲೂ ಅದು ಪರದೆಯ ಮೇಲೆ ಇದ್ದೇ ಇರುತ್ತದೆ.

ಈಗ ಅದೇ ಮಾತನ್ನು ಅವನು ಎದ್ದು ನಿಂತು ಹೇಳಿದ. ಹೇಳುತ್ತಿದ್ದಾಗ ಕಣ್ಣಿನ ಮುಂದೆ ಬಂದದ್ದು ಒಂದು ಬಸ್‌ಸ್ಟ್ಯಾಂಡು, ಅರ್ಧಚಂದ್ರದ ಹಾಗೆ ಕೊರೆದ ಕಿಟಕಿ, ಅದರ ಮೇಲೆ ಬಿಳಿಯ ಬಣ್ಣದಲ್ಲಿ ಬರೆದಿದ್ದ ವಿಚಾರಣೆ ಎಂಬ ಅಕ್ಷರಗಳು. ಅವನು ಚಿಕ್ಕವನಿದ್ದಾಗ ಒಮ್ಮೆ ಚಿಕ್ಕಮ್ಮನ ಮನೆಗೆ ಹೊರಟಿದ್ದರು, ಅಮ್ಮ ಮತ್ತು ಅವನು. ಅಮ್ಮ ಸೆರಗನ್ನು ಬಿಗಿಯಾಗಿ ಹೊದ್ದು, ಕಿಟಕಿಯಲ್ಲಿ ಬಾಗಿ, ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದಳು. ಒಳಗಿದ್ದವನು ತಲೆ ಎತ್ತದೆಯೇ, ಕೊನೇದು ಎಂದ. ಕೊನೆಯ ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕೂತರು. ಬಸ್ಸುಗಳು ಬಂದವು, ಹೋದವು. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ ಅವನಿಗೆ, ದೂರದ ಇನ್ನೊಂದು ಪ್ಲಾಟ್‌ಫಾರಂನಲ್ಲಿ ಚಿಕ್ಕಮ್ಮನ ಊರಿನ ಹೆಸರು ಹಣೆಗೆ ಹಚ್ಚಿಕೊಂಡು ನಿಂತಿದ್ದ ಬಸ್ಸು ಕಂಡಿತು. ಅಮ್ಮನ ಕೈ ಎಳೆದ. ‘ಸುಮ್ನೆ ಕೂತ್ಕೊ, ಅವ್ರು ಹೇಳಿದಾರಲ್ಲ,’ ಎಂದಳು ಅಮ್ಮ. ಇನ್ನೊಬ್ಬರನ್ನು ಕೇಳುವುದೆಂದರೆ ಮೊದಲು ಹೇಳಿದವರನ್ನು ನಂಬಲಿಲ್ಲ ಎಂದಂತೆ. ಅಂಥ ಅವಮಾನವನ್ನು ಅವಳು ಯಾರಿಗೂ ಮಾಡುವವಳಲ್ಲ. ಬಸ್ಸು ಕಣ್ಣೆದುರೇ ಹೊರಟುಹೋಯಿತು. ಸಂಜೆ ಮನೆಗೆ ಮರಳಿ, ಇವತ್ತು ಬಸ್ಸೇ ಬರಲಿಲ್ಲ ಎಂದು ಅಪ್ಪನಿಗೆ ಹೇಳಿದಳು. ತಾನು ಆ ದಿನ ಸಿಟ್ಟಾಗಿದ್ದೆ ಎಂದು ಅವನು ಎಷ್ಟೋ ವರ್ಷ ನಂಬಿಕೊಂಡಿದ್ದ. ಈಗ, ಪ್ಲಾಸ್ಟಿಕ್ಕಿನ ಚರಚರದ ನಡುವೆ ನಿಂತಾಗ ನೆನಪಾಯಿತು, ಅದು ಸಿಟ್ಟಲ್ಲ. ತಲೆ ಎತ್ತದೆ ಆಡಿದ ಒಂದು ಮಾತಿಗೆ ತನ್ನ ಅಮ್ಮನನ್ನು ಇಡೀ ಮಧ್ಯಾಹ್ನ ಕಲ್ಲಿನ ಮೇಲೆ ಕೂರಿಸುವಷ್ಟು ಶಕ್ತಿ ಇದೆಯಲ್ಲ ಎಂದು ಬೆರಗಾಗಿದ್ದ. ಆ ಕಿಟಕಿಯ ಒಳಗೆ ಕೂರುವ ಆಸೆ ಅಲ್ಲಿಂದಲೇ ಹುಟ್ಟಿತ್ತು. ಟೇಪು ಕೂಡ ಬೆಳಿಗ್ಗೆ ಅಮ್ಮನ ಹಾಗೇ ನಂಬಿ ತಲೆಯಾಡಿಸಿದ್ದ.

ಅವನು ಹೇಳಿ ಮುಗಿಸಿ ಕೂತ. ಮ್ಯಾನೇಜರು ಚೆನ್ನಾಗಿದೆ ಎನ್ನುವಂತೆ ಮುಖ ಮಾಡಿದಳು. ಕೊನೆಗೆ ಡ್ರೈವರು ಕೆಮ್ಮಿ, ಹೀಗಂತೀನಿ ಅಂತ ಬೇಜಾರು ಮಾಡ್ಕೋಬೇಡಿ ಎಂದು ಪೀಠಿಕೆ ಹಾಕಿ ಹೇಳಿದ: ‘ಹೋದ ವರ್ಷ ಗಾಡಿ ಗೋಡೆಗೆ ತಾಗಿದಾಗ ನಂಗೊಂದು ಕಾಗದ ಬಂದಿತ್ತಲ್ಲ ಸಾರ್, ವಿಚಾರಣೆಗೆ ಹಾಜರಾಗತಕ್ಕದ್ದು ಅಂತ. ಈಗ ಅದನ್ನ ನಾನಾಗೇ ಹೋಗಿ ಒತ್ಬೇಕಾ? ಗುಂಡಿ ಒತ್ತೋದಲ್ಲ ಅದು, ಗುಂಡಿಗೆ ಬೀಳೋದು.’ ಎಲ್ಲರೂ ಹೋ ಎಂದು ನಕ್ಕರು. ಪ್ಯಾಕಿಂಗ್ ವಿಭಾಗದ ಹೆಂಗಸು, ತನಗೂ ಆ ಪದ ಕಂಡರೆ ಯಾರ ಮೇಲೋ ದೂರು ಬಂದ ಹಾಗೆ ಅನ್ನಿಸುತ್ತದೆ ಎಂದಳು. ಆ ಪದಕ್ಕೆ ಎರಡು ಅರ್ಥ ಇದೆಯೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ನೋಟಿಸುಗಳನ್ನು ಟೈಪು ಮಾಡುತ್ತಿದ್ದವನೇ ಅವನು. ಆದರೆ ತನ್ನ ಅಡ್ಡಹೆಸರನ್ನು ಕೇಳಿದವರ ಕಿವಿಯಲ್ಲಿ ಎರಡನೆಯ ಅರ್ಥವೂ ಸದ್ದು ಮಾಡುತ್ತಿರಬಹುದೆಂದು ಇಷ್ಟು ವರ್ಷ ಒಮ್ಮೆಯೂ ತೋಚಿರಲಿಲ್ಲ. ತನ್ನ ಮೇಜಿನ ಮುಂದೆ ಬಂದವರು ಕೈ ಕಟ್ಟಿಕೊಂಡು ನಿಲ್ಲುತ್ತಿದ್ದದ್ದು ಗೌರವಕ್ಕೆ ಎಂದುಕೊಂಡಿದ್ದನಲ್ಲ. ಇರಲಿ, ಆಮೇಲೆ ನೋಡೋಣ ಎಂದು ಆ ಹೆಣ್ಣುಮಗಳು ‘ವಿಚಾರಣೆ’ ಎಂದು ಬರೆದು ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಉಳಿದ ಚೀಟಿಗಳ ಕಡೆ ತಿರುಗಿದಳು.

ಅಲ್ಲಿಂದ ತೆಗೆದ ಮೊದಲನೆಯ ಚೀಟಿಯಲ್ಲೇ ಇತ್ತು: ಅಪ್ಪ ಆಗುವವರಿಗೆ ರಜೆ ಇದೆಯಾ, ಯಾರಿಗೆ. ಅವಳು ಅದನ್ನು ಗಟ್ಟಿಯಾಗಿ ಓದಿದಾಗ ಮ್ಯಾನೇಜರು, ಓ ಅದಾ, ಮೊದಲು ವರ್ಷ ಆಗಬೇಕಿತ್ತು, ಈಗ ಸೇರಿದ ದಿನದಿಂದಲೇ ಎಲ್ಲರಿಗೂ ಸಿಗುತ್ತದೆ, ಸುತ್ತೋಲೆ ಕಳಿಸಿದ್ದೆನಲ್ಲ ಎಂದಳು. ಹೇಳಿ, ಸಹಜವಾಗಿಯೇ, ಅವನ ಕಡೆ ನೋಡಿದಳು. ಅವನೂ ಸಹಜವಾಗಿಯೇ ತಲೆಯಾಡಿಸಿದ. ಹೌದು, ಬಂದಿದೆ ಎಂದೂ ಹೇಳಿದ. ತನ್ನ ಬಾಯಿಂದ ಬಂದ ಆ ಮಾತನ್ನು ಕೇಳಿ ಅವನಿಗೇ ದಿಗಿಲಾಯಿತು. ಚೀಟಿ ರಜೆಯ ಗುಂಪಿಗೆ ಸೇರಿತು, ಅಷ್ಟೇ. ಕೆಳಗಿನ ಮಹಡಿಯಲ್ಲಿ ಟೇಪು ಹಾಸಿಗೆಯ ಅಂಚು ಹೊಲಿಯುತ್ತಾ ಕೂತಿದ್ದಾನೆ. ಅತ್ತ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಹೆಂಡತಿಯ ಚಪ್ಪಲಿ, ಕೈಬಳೆಗಳನ್ನು ಹಿಡಿದುಕೊಂಡು ನಿಲ್ಲಲು ಯಾರಿದ್ದಾರೋ ಇಲ್ಲವೋ. ಕಾಗದಕ್ಕೆ ಸಹಿ ಹಾಕಲು ಗಂಡ ಎಲ್ಲಿ ಎಂದು ನರ್ಸು ಕೇಳಿದರೆ, ರಜೆ ಸಿಗಲಿಲ್ಲವಂತೆ ಎಂದು ಯಾರೋ ಹೇಳುತ್ತಾರೆ. ಯಾರು ಕೊಡಲಿಲ್ಲ? ಯಾರೋ ವಿಚಾರಣೆ ಅಂತ.

ಈಗಲೇ ಎದ್ದು ಹೋಗಬೇಕು. ಏಳಲು ಎಷ್ಟು ಹೊತ್ತು? ಆದರೆ ಎದ್ದರೆ ಎಲ್ಲರೂ ನೋಡುತ್ತಾರೆ; ಎಲ್ಲಿಗೆ ಎಂದು ಮ್ಯಾನೇಜರು ಕೇಳುತ್ತಾಳೆ; ಹೆಸರಿನ ವಿಷಯಕ್ಕೆ ಮುನಿಸಿಕೊಂಡು ಹೋದ ಎಂದು ಡ್ರೈವರು ಅಂದುಕೊಳ್ಳುತ್ತಾನೆ. ಈ ಚೀಟಿ ಮುಗಿಯಲಿ, ಚಹಾದ ವಿರಾಮ ಬಂದೇ ಬರುತ್ತದೆ, ಆಗ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನ ಒಳಗಿನ ಜಾಣ ಹೇಳಿದ. ಆ ಜಾಣನ ಮಾತು ಕೇಳಿಯೇ ಬದುಕು ಸಾಗಿಸಿದ್ದ. ಗೋಡೆಯ ಗಡಿಯಾರದ ಮುಳ್ಳು ತೂಕಡಿಸುತ್ತಿರುವಂತೆ ಕಂಡಿತು. ಒಬ್ಬರು ಸಮವಸ್ತ್ರದ ಅಳತೆಯನ್ನು ಆರೋಗ್ಯದ ಗುಂಪಿಗೆ ಹಾಕಬೇಕೆಂದರು, ಹೊಟ್ಟೆ ಬಂದರೆ ತಾನೇ ಅಳತೆ ಬದಲಾಗುವುದು ಎಂದು ಇನ್ನೊಬ್ಬರು ಸಮರ್ಥಿಸಿದರು, ಎಲ್ಲರೂ ನಕ್ಕರು. ಅವನೂ ನಗಲು ಹೋದ. ಗಂಟಲಿನಿಂದ ಬೇರೆಯೇ ಏನೋ ಸದ್ದು ಬಂತು. ಪಕ್ಕದಲ್ಲಿ ಕೂತಿದ್ದ ಪ್ಯಾಕಿಂಗಿನ ಹೆಂಗಸು, ಯಾಕಣ್ಣ ಬೆವರ್ತಿದೀರಲ್ಲ ಎಂದು ನೀರಿನ ಬಾಟಲಿ ಮುಂದೆ ಮಾಡಿದಳು. ಅಣ್ಣ ಎಂದಳು, ಸಾರ್ ಎನ್ನಲಿಲ್ಲ. ಅಷ್ಟು ಸಾಕಾಯಿತು ಅವನಿಗೆ. ಎದ್ದ. ಎಲ್ಲಿಗೆ ಎಂದು ಮ್ಯಾನೇಜರು ಕೇಳಿದಳೋ ಇಲ್ಲವೋ, ಅವನು ಆಗಲೇ ಬಾಗಿಲ ಹೊರಗಿದ್ದ.

ಮೆಟ್ಟಿಲು ಇಳಿಯುವಾಗ ಒಂದು ಕಾಲು ಜಾರಿ, ಕಂಬಿ ಹಿಡಿದುಕೊಂಡು ಬಚಾವಾದ. ಹೊಲಿಗೆ ವಿಭಾಗದಲ್ಲಿ ಯಂತ್ರಗಳ ಗದ್ದಲ, ಬಟ್ಟೆಯ ನವಿರು ಧೂಳು. ಅವನು ಆ ವಿಭಾಗದೊಳಗೆ ಕಾಲಿಟ್ಟು ಬಹಳ ಕಾಲವಾಗಿತ್ತು; ಅವರೇ ಮೇಲೆ ಬರುತ್ತಿದ್ದರೇ ಹೊರತು ಅವನು ಕೆಳಗೆ ಬಂದವನಲ್ಲ. ಟೇಪುವಿನ ಯಂತ್ರ ಯಾವುದೆಂದು ಅವನಿಗೆ ತಿಳಿಯದು. ಒಬ್ಬಳನ್ನು ಕೇಳಿದ, ಅವಳು ಗದ್ದಲದಲ್ಲಿ ಕೈ ತೋರಿಸಿದಳು. ಆ ಯಂತ್ರದ ಮೇಲೆ ಮುಸುಕು ಹಾಕಿತ್ತು. ಕುರ್ಚಿಯ ಬೆನ್ನಿಗೆ ಅಳತೆಯ ಟೇಪು ನೇತಾಡುತ್ತಿತ್ತು. ಟೇಪಿಲ್ಲದ ಟೇಪು ಎಲ್ಲಿಗೆ ಹೋಗಿರಬಹುದು? ಕೆಲಸ ಬಿಟ್ಟು ಹೋದನೇ? ಹೇಳದೆ ಕೇಳದೆ ಹೊರಟೇಹೋದನೇ? ಹಾಗಾದರೆ ನಾಳೆ ಅವನಿಗೊಂದು ಕಾಗದ ಟೈಪಾಗಬೇಕು, ವಿಚಾರಣೆಗೆ ಹಾಜರಾಗತಕ್ಕದ್ದು, ಅದನ್ನು ಟೈಪು ಮಾಡಬೇಕಾದವನು ತಾನು. ಅವನು ಕುರ್ಚಿಯ ಹತ್ತಿರ ಹೋದ. ಆ ಟೇಪನ್ನು ಕೈಗೆ ತೆಗೆದುಕೊಂಡು, ಏನು ಮಾಡುವುದೆಂದು ತೋಚದೆ, ಬೆರಳಿಗೆ ಸುತ್ತತೊಡಗಿದ.

‘ಏನ್ ಸಾರ್ ಈ ಕಡೆ? ದಾರಿ ತಪ್ತಾ?’ ಎಂದು ಹಿಂದಿನಿಂದ ಕೇಳಿತು. ಹೊಲಿಗೆ ವಿಭಾಗದ ಮೇಲ್ವಿಚಾರಕಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಹೆಂಗಸು. ಅವನು ಟೇಪು ಎಲ್ಲಿ ಎಂದ. ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮುಂಗೈಯ ಪಟ್ಟಿಗೆ ಚುಚ್ಚಿಕೊಂಡು, ಆಸ್ಪತ್ರೆಗೆ ಎಂದಳು. ಬೆಳಿಗ್ಗೆಯೇ ಕಳಿಸಿಬಿಟ್ಟಿದ್ದಳಂತೆ. ಅವನಿಗೆ ಅರ್ಥವಾಗಲಿಲ್ಲ. ಆದರೆ ನಾನು ಸಿಗಲ್ಲ ಅಂತ ಹೇಳಿದ್ದೆನಲ್ಲ ಎಂದ. ಹೇಳಿದ್ದು ಹೌದಂತೆ. ಟೇಪು ಆಮೇಲೆ ಕ್ಯಾಂಟೀನಿನ ಅಕ್ಕನನ್ನು ಕೇಳಿದನಂತೆ, ಅವಳು ಅರ್ಧ ದಿನ ಸಿಗುತ್ತದೆ ಎಂದಳಂತೆ. ಸೆಕ್ಯುರಿಟಿಯವನನ್ನು ಕೇಳಿದನಂತೆ, ಅವನು ಮಗು ಹುಟ್ಟಿದ ಮೇಲೆ ಮಾತ್ರ ಸಿಗುತ್ತದೆ, ಮೊದಲು ಹುಟ್ಟಲಿ ಎಂದನಂತೆ. ಕೊನೆಗೆ ಇವಳ ಹತ್ತಿರ ಬಂದ. ‘ನಂಗೂ ಗೊತ್ತಿಲ್ಲ ಸಾರ್, ಏನ್ ಸುಳ್ಳು ಹೇಳೋದು. ಮೊದ್ಲು ಹೋಗು, ಹೆಂಡ್ತಿ ಮುಖ ನೋಡು, ರಜೆ ಸಿಕ್ರೆ ಹಾಕೋಣ, ಸಿಗ್ದಿದ್ರೆ ನಿನ್ ಕೆಲ್ಸ ನಾವೆಲ್ಲ ಸೇರಿ ಮುಗಿಸ್ತೀವಿ ಅಂದೆ.’

ಸಿಗುತ್ತೆ, ರಜೆ ಇದೆ, ನಾನೇ ತಪ್ಪು ಹೇಳಿದ್ದು ಎಂದ ಅವನು. ಅವಳು ಅದರಲ್ಲಿ ಅಚ್ಚರಿ ಪಡುವಂಥದ್ದೇನೂ ಇಲ್ಲವೆಂಬಂತೆ, ಸರಿ ಬಿಡಿ, ಒಳ್ಳೇದೇ ಆಯ್ತಲ್ಲ ಎಂದಳು. ಅವನ ಮುಖದಲ್ಲಿ ಏನು ಕಂಡಳೋ, ಸಮಾಧಾನ ಮಾಡುವವಳಂತೆ ಸೇರಿಸಿದಳು: ‘ನೀವ್ಯಾಕೆ ಅಷ್ಟೊಂದು ತಲೆ ಕೆಡಿಸ್ಕೋತೀರ? ನಿಮ್ಮನ್ನ ಕೇಳಿದ್ಮೇಲೆ ಇನ್ನೂ ಒಂದಿಬ್ರನ್ನ ಕೇಳೋದು ಇಲ್ಲಿ ಎಲ್ರಿಗೂ ರೂಢಿ. ಹೊಸಬ್ರು ಬಂದ ಮೊದಲ್ನೇ ದಿನಾನೇ ನಾನು ಹೇಳ್ತೀನಿ, ಮೇಲೆ ಸಾರ್ ಇದಾರೆ, ಯಾವುದಕ್ಕೂ ಒಂದ್ಸಲ ಕೇಳಿ ನೋಡು ಅಂತ.’

ಕೇಳಿ ನೋಡು. ಅವನು ಪಕ್ಕದಲ್ಲಿ ಪೇರಿಸಿದ್ದ ಹಾಸಿಗೆಗಳ ಮೇಲೆ ಕೂತುಬಿಟ್ಟ. ಫೋಮು ನಿಧಾನವಾಗಿ ಇಳಿದು ಅವನನ್ನು ಹಿಡಿದುಕೊಂಡಿತು. ಅವಮಾನವಾಗಬೇಕಿತ್ತು, ಆಯಿತು ಕೂಡ. ಇಷ್ಟು ವರ್ಷ ಕೈ ಕಟ್ಟಿ ನಿಂತು, ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ ಹೋದವರೆಲ್ಲ ಮೆಟ್ಟಿಲಿಳಿದು ಇನ್ನೊಬ್ಬರ ಹತ್ತಿರ ಹೋಗುತ್ತಿದ್ದರು. ಅವನ ಮಾತು ಒಂದು ಅಭಿಪ್ರಾಯ, ಕ್ಯಾಂಟೀನಿನ ಅಕ್ಕನ ಮಾತಿನ ಹಾಗೆ, ಸೆಕ್ಯುರಿಟಿಯವನ ಮಾತಿನ ಹಾಗೆ. ಗೌರವಕ್ಕೆ ಕೇಳುತ್ತಿದ್ದರು, ಬದುಕುವುದಕ್ಕೆ ಬೇರೆಯವರನ್ನೂ ವಿಚಾರಿಸುತ್ತಿದ್ದರು. ಆದರೆ ಆ ಅವಮಾನದ ಅಡಿಯಿಂದ ಇನ್ನೇನೋ ಎದ್ದು ಬರುತ್ತಿತ್ತು. ಹಾಗಾದರೆ ಯಾರೂ ಕಲ್ಲುಬೆಂಚಿನ ಮೇಲೆ ಕೂತಿಲ್ಲ. ತಾನು ಹೇಳಿದ ತಪ್ಪುಗಳಿಗೆಲ್ಲ, ಎಷ್ಟಿದ್ದವೋ ಏನೋ, ಆಗಿಂದಾಗಲೇ ಯಾರೋ ಅಡ್ಡ ಬಂದು ದಾರಿ ತೋರಿಸಿದ್ದಾರೆ. ರಾತ್ರಿಯೆಲ್ಲ ಎದ್ದು ಕೂತು ಕಾದದ್ದು ಖಾಲಿ ಪ್ಲಾಟ್‌ಫಾರಂ; ಜನ ಯಾವಾಗಲೋ ಬಸ್ಸು ಹತ್ತಿ ಹೋಗಿದ್ದರು. ಅವನಿಗೆ ಇದ್ದಕ್ಕಿದ್ದಂತೆ ನಗು ಬಂತು. ಮೇಲಿನ ಕೋಣೆಯಲ್ಲಿ ಬಂದಂಥ ನಗುವಲ್ಲ, ಹೊಟ್ಟೆ ಕುಲುಕಿಸುವ, ಕಣ್ಣಲ್ಲಿ ನೀರು ತರಿಸುವ ನಗು. ಮೇಲ್ವಿಚಾರಕಿ ಗಾಬರಿಯಾಗಿ, ಯಾರಾದ್ರೂ ನೀರು ತನ್ರೇ ಎಂದು ಕೂಗಿದಳು. ಇವತ್ತು ಎಲ್ಲರೂ ತನಗೆ ನೀರು ಕುಡಿಸಲು ನೋಡುತ್ತಿದ್ದಾರಲ್ಲ ಎಂದು ಅವನಿಗೆ ಇನ್ನಷ್ಟು ನಗು ಬಂತು.

ಮೇಲೆ ಹೋದಾಗ ಉಳಿದ ಗುಂಪುಗಳಿಗೆಲ್ಲ ಹೆಸರಾಗಿತ್ತು. ಅವನ ಗುಂಪೊಂದು ಹಾಗೇ ಬಿದ್ದಿತ್ತು, ಪ್ರಶ್ನಾರ್ಥಕ ಚಿಹ್ನೆಯ ಸಮೇತ. ಅವನಿಗೆ ನೋವಾಗಬಾರದೆಂದು ಯಾರೂ ಅದನ್ನು ಮುಟ್ಟಿರಲಿಲ್ಲ; ಡ್ರೈವರು ಅವನ ಕಣ್ಣು ತಪ್ಪಿಸಿ ಕಿಟಕಿಯಾಚೆ ನೋಡುತ್ತಿದ್ದ. ಈ ಒರಟರಲ್ಲಿ ಇಷ್ಟು ನಾಜೂಕು ಇತ್ತೇ ಎಂದು ಅವನಿಗೆ ಅವರ ಮೇಲೆ ಪ್ರೀತಿ ಉಕ್ಕಿತು. ಮೊದಲು ಮ್ಯಾನೇಜರ ಬಳಿ ಹೋಗಿ, ಹೊಲಿಗೆಯ ಟೇಪುವಿಗೆ ಇವತ್ತಿನಿಂದಲೇ ಹೆರಿಗೆ ರಜೆ ಹಾಕಬೇಕು, ಬೆಳಿಗ್ಗೆ ನಾನು ತಪ್ಪು ಹೇಳಿಬಿಟ್ಟಿದ್ದೆ, ಸುತ್ತೋಲೆ ಓದಿರಲಿಲ್ಲ ಎಂದ. ಪಿಸುಮಾತಿನಲ್ಲಿ ಹೇಳಬೇಕೆಂದುಕೊಂಡಿದ್ದ, ಮಾತು ಎಲ್ಲರಿಗೂ ಕೇಳಿಸಿತು. ಆಕಾಶವೇನೂ ಬೀಳಲಿಲ್ಲ. ಮ್ಯಾನೇಜರು ಸರಿ ಎಂದು ಫೋನಿನಲ್ಲಿ ಬರೆದುಕೊಂಡಳು. ಆಮೇಲೆ ಅವನು ಆ ಹೆಣ್ಣುಮಗಳ ಕೈಯಿಂದ ಪೆನ್ನು ಕೇಳಿ ತೆಗೆದುಕೊಂಡು, ‘ವಿಚಾರಣೆ’ಯನ್ನು ಉದ್ದಕ್ಕೆ ಹೊಡೆದು ಹಾಕಿ, ಕೆಳಗೆ ಬರೆದ: ಕೇಳಿ ನೋಡಿ.

ಪ್ಯಾಕಿಂಗಿನ ಹೆಂಗಸು ಅದನ್ನು ಓದಿ, ಹ್ಞಾ, ಇದನ್ನ ಒತ್ಬಹುದು ಎಂದಳು. ಡ್ರೈವರು ಕಿಟಕಿಯಿಂದ ಮುಖ ತಿರುಗಿಸಿ, ಕೇಳೋದೂ ಆಯ್ತು, ನೋಡೋದೂ ಆಯ್ತು, ಕೇಳಿದ್ದು ಸರಿಯಾ ಅಂತ ಎಂದ. ಎಲ್ಲರೂ ಹೆಸರು ಬರೆದವನ ಕಡೆ ನೋಡಿದರು, ಅವನು ಹೂಂ ಎಂದು ತಲೆಯಾಡಿಸಿದ. ಆ ಹೆಣ್ಣುಮಗಳಿಗೆ ಹೆಸರು ಹಿಡಿಸಿತು. ಪುಟದಲ್ಲಿ ಒಂದೇ ಉತ್ತರವಿದ್ದರೆ ಸಾಲದು, ಯಾವಾಗ ಬರೆದದ್ದು, ಇನ್ನು ಯಾರನ್ನು ಕೇಳಬಹುದು ಎಂಬುದೂ ಅದರ ಕೆಳಗೆ ಇರಬೇಕಲ್ಲವೇ ಎಂದು ಅವನನ್ನೇ ಕೇಳಿದಳು. ಎಷ್ಟು ಜನರ ಹೆಸರು ಹಾಕಬೇಕಾಗುತ್ತದೆ ಎಂದಳು. ಅವನ ನಾಲಗೆಯ ತುದಿಗೆ ಅಭ್ಯಾಸಬಲದಿಂದ ಒಂದು ಉತ್ತರ ಬಂದೇ ಬಂತು. ಅದನ್ನು ನುಂಗಿಕೊಂಡ. ‘ಗೊತ್ತಿಲ್ಲ,’ ಎಂದ. ಎಷ್ಟು ಸಣ್ಣ ಮಾತು, ಬಾಯಿಂದ ಹೊರಗೆ ಬರಲು ಎಷ್ಟು ವರ್ಷ ತೆಗೆದುಕೊಂಡಿತು. ಬಂದ ಮೇಲೆ ಇಷ್ಟೇನಾ ಅನ್ನಿಸಿತು. ಆ ಮಧ್ಯಾಹ್ನ ಇನ್ನೂ ಕೆಲವು ಸಲ, ಬೇಕಾಗಿತ್ತೋ ಇಲ್ಲವೋ, ಅದನ್ನೇ ಹೇಳಿ ನೋಡಿದ.

ಸಾಮಾನು ಕಟ್ಟುವ ಹೊತ್ತಿಗೆ ಮೇಲ್ವಿಚಾರಕಿ ಮೆಟ್ಟಿಲು ಹತ್ತಿ ಬಂದು ಬಾಗಿಲಿನಿಂದಲೇ, ಹೆಣ್ಣು ಮಗು, ಇಬ್ಬರೂ ಆರಾಮಾಗಿದ್ದಾರಂತೆ ಎಂದು ಸುದ್ದಿ ಹೇಳಿದಳು. ಟೇಪು ಫೋನು ಮಾಡಿದ್ದನಂತೆ, ಮಗು ಎಷ್ಟುದ್ದ ಇದೆ ಎಂದು ಅಳೆಯೋಣವೆಂದರೆ ಟೇಪು ಮರೆತು ಬಂದೆನಲ್ಲ ಎಂದು ಪೇಚಾಡಿದನಂತೆ. ಅವನು ಜೇಬಿಗೆ ಕೈ ಹಾಕಿದ. ಬೆಳಿಗ್ಗೆ ಬೆರಳಿಗೆ ಸುತ್ತಿಕೊಂಡಿದ್ದ ಟೇಪು ಅಲ್ಲೇ ಇತ್ತು. ಸುರುಳಿ ಬಿಚ್ಚದಂತೆ ಅದನ್ನು ಮೇಲ್ವಿಚಾರಕಿಯ ಕೈಗಿಟ್ಟ.

ಹೊರಗೆ ಇನ್ನೂ ಬೆಳಕಿತ್ತು. ಸ್ಟಾಪಿನಲ್ಲಿ ಬಸ್ಸು ನಿಂತಿತ್ತು, ಅದರ ಡ್ರೈವರು ಇಂಜಿನ್ನು ಆರಿಸದೆ ಕೂತಿದ್ದ. ಬಟ್ಟೆಯ ಚೀಲ ಹೊತ್ತ ಹೆಂಗಸೊಬ್ಬಳು ಪುಟ್ಟ ಮಗುವಿನ ಕೈ ಹಿಡಿದುಕೊಂಡು, ಬಸ್ಸಿನತ್ತ ಹೊರಟಿದ್ದ ಅವನ ಹತ್ತಿರ ಬಂದು, ಅಣ್ಣಾ, ಈ ಬಸ್ಸು ದೊಡ್ಡಾಸ್ಪತ್ರೆ ಕಡೆ ಹೋಗುತ್ತಾ ಎಂದು ಕೇಳಿದಳು. ದಿನವೂ ಹೋಗುವ ಬಸ್ಸು, ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವಳ ಮುಖ ನೋಡಿ, ನಿಂತು, ‘ಹೋಗುತ್ತೆ ಅನ್ಸುತ್ತಮ್ಮ. ಯಾವುದಕ್ಕೂ ಡ್ರೈವರನ್ನ ಒಂದ್ಸಲ ಕೇಳಿ…’ ಎಂದು ಹೇಳತೊಡಗಿದ. ಅವಳು ಅವನ ಮಾತು ಮುಗಿಯುವ ತನಕ ನಿಲ್ಲಲೇ ಇಲ್ಲ. ಆಗಲೇ ಡ್ರೈವರನ ಕಿಟಕಿಯ ಕೆಳಗೆ ನಿಂತು ಅದೇ ಪ್ರಶ್ನೆ ಕೇಳುತ್ತಿದ್ದಳು. ಅವನು ನಗುತ್ತ ಬಸ್ಸು ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು, ಪಕ್ಕದಲ್ಲಿ ಕೂತಿದ್ದ ಅಪರಿಚಿತನನ್ನು, ನೀರಿನ ಟ್ಯಾಂಕಿನ ಸ್ಟಾಪು ಬಂದಾಗ ಸ್ವಲ್ಪ ಎಬ್ಬಿಸ್ತೀರಾ ಎಂದು ಕೇಳಿದ. ಆಯ್ತು ಎಂದ ಅವನು. ಹೆಂಗಸು ಮಗುವನ್ನು ಎತ್ತಿಕೊಂಡು ಒಳಗೆ ಬಂದು, ಹಿಂದಿನ ಸೀಟಿನಲ್ಲಿ ಕೂತವರನ್ನು, ಇದು ದೊಡ್ಡಾಸ್ಪತ್ರೆ ಕಡೆ ಹೋಗುತ್ತಲ್ವಾ ಎಂದು ಮತ್ತೊಮ್ಮೆ ವಿಚಾರಿಸುತ್ತಿದ್ದಳು. ಅವರು ಏನು ಹೇಳಿದರೋ ಅವನಿಗೆ ಕೇಳಿಸಲಿಲ್ಲ, ಅಷ್ಟರಲ್ಲಿ ನಿದ್ದೆ ಬಂದುಬಿಟ್ಟಿತ್ತು.